"ಹಂಗೆ ಕಾಣುತ್ತೆ" ಅನ್ನೋದನ್ನ ಇಂಗ್ಲಿಷಲ್ಲಿ ಸರಿಯಾಗಿ ಹೇಳೋದು ಹೇಗೆ

ಕನ್ನಡದಲ್ಲಿ ನಮಗೆ "ಹಂಗೆ" ಒಂದಿದ್ರೆ ಸಾಕು. ಸುಸ್ತಾದಂಗೆ ಕಾಣ್ತೀಯ, ನಿಮ್ಮಪ್ಪನ ಹಂಗೆ ಕಾಣ್ತೀಯ, ರಾತ್ರಿ ನಿದ್ದೆನೇ ಮಾಡಿಲ್ದಿರೋ ಹಂಗೆ ಕಾಣ್ತೀಯ, ಮೂರಕ್ಕೂ ಅದೇ. ಇಂಗ್ಲಿಷಲ್ಲಿ ಮೂರೂ ಬೇರೆ, ಅದಕ್ಕೇ ನಮ್ಮ ಬಾಯಲ್ಲಿ "ಯು ಲುಕ್ ಲೈಕ್ ಟಯರ್ಡ್" ಬಂದ್ಬಿಡುತ್ತೆ. ಗುಣ ಹೇಳೋ ಪದ ಬಂದ್ರೆ ಲೈಕ್ ಬೇಡ, "ಯು ಲುಕ್ ಟಯರ್ಡ್" ಅಷ್ಟೇ. ಮನುಷ್ಯರೋ ವಸ್ತುನೋ ಬಂದ್ರೆ ಲೈಕ್ ಬೇಕು, "ಯು ಲುಕ್ ಲೈಕ್ ಯುವರ್ ಫಾದರ್". ಪೂರ್ತಿ ವಾಕ್ಯ ಬಂದ್ರೆ "ಆಸ್ ಇಫ್" ಹಾಕಿ. ಸೌಂಡ್, ಫೀಲ್, ಸ್ಮೆಲ್, ಟೇಸ್ಟ್‌ಗೂ ಇದೇ ರೂಲು.

ಈಗ ಮುಖ್ಯವಾದ್ದು, ನಮ್ಮ "ಅಂತೆ". "ಅವ್ರಿಗೆ ಟ್ರಾನ್ಸ್‌ಫರ್ ಆಯ್ತಂತೆ" ಅನ್ನೋದನ್ನ ಬೆಂಗಳೂರಲ್ಲಿ ನಾವು "ಹಿ ಗಾಟ್ ಟ್ರಾನ್ಸ್‌ಫರ್ಡ್, ಇಟ್ ಸೀಮ್ಸ್" ಅಂತೀವಿ, ಇಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಆದ್ರೆ ಹೊರಗಿನ ಕ್ಲೈಂಟ್ ಜೊತೆ ಕಾಲ್‌ನಲ್ಲಿ ಹಂಗಂದ್ರೆ ಅದು ನಿಮ್ಮ ಊಹೆ ಅಂದ್ಕೊಳ್ತಾರೆ, ಯಾರೋ ಹೇಳಿದ್ದು ಅಂತ ಅವ್ರಿಗೆ ಹೊಳಿಯೋದೇ ಇಲ್ಲ. ಕೇಳಿದ ಸುದ್ದಿಗೆ "ಅಪಾರೆಂಟ್ಲಿ" ಬಳಸಿ, ಅದು ನಮ್ಮ "ಅಂತೆ"ಗೆ ತುಂಬಾ ಹತ್ರ. ನಿಮಗೇ ಅನ್ಸಿದ್ದಕ್ಕೆ "ಸೀಮ್ಸ್". "ಆಸ್ಟೆನ್ಸಿಬ್ಲಿ" ಮಾತ್ರ ಹುಷಾರು, ಅದ್ರಲ್ಲಿ "ಮೇಲ್ನೋಟಕ್ಕೆ ಹಿಂಗೆ, ಒಳಗೆ ಬೇರೆ ಏನೋ ಇರ್ಬೋದು" ಅನ್ನೋ ಅನುಮಾನ ಇರುತ್ತೆ. ಮ್ಯಾನೇಜರ್ ಬಗ್ಗೆ ಮೇಲ್‌ನಲ್ಲಿ ಬರೆಯೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡಿ.

ಇನ್ನು ಪದದ ಬಾಲಗಳು. "ಇಶ್" ಬಣ್ಣಕ್ಕೋ ಟೈಮಿಗೋ ಸೇರಿದ್ರೆ "ಸುಮಾರಾಗಿ" ಅಂತ, ರೆಡಿಶ್ ಅಂದ್ರೆ ಸ್ವಲ್ಪ ಕೆಂಪಗೆ, ಸೆವೆನಿಶ್ ಅಂದ್ರೆ ಏಳು ಏಳೂಕಾಲು. ಅದೇ ಮನುಷ್ಯರಿಗೆ ಸೇರಿದ್ರೆ ಹೆಚ್ಚಾಗಿ ಬೈಗುಳ. ಚೈಲ್ಡಿಶ್ ಅಂದ್ರೆ ಹುಡುಗಾಟ, ಚೈಲ್ಡ್‌ಲೈಕ್ ಅಂದ್ರೆ ಮಗುವಿನ ಮುಗ್ಧತೆ. ವಯಸ್ಸಾದವರನ್ನ ಹೊಗಳೋಕೆ ಹೋಗಿ ಚೈಲ್ಡಿಶ್ ಅಂದ್ರೆ ಅವ್ರ ಮುಖ ಸಪ್ಪಗಾಗುತ್ತೆ, ದಯವಿಟ್ಟು ಇದೊಂದನ್ನ ಮರೀಬೇಡಿ. "ಎಸ್ಕ್" ಶೈಲಿಗೆ: ಪಿಕ್ಚರೆಸ್ಕ್ ಅಂದ್ರೆ ಚಿತ್ರ ಬರೆದಿಟ್ಟಂಗೆ, ಕಾಫ್ಕಾಎಸ್ಕ್ ಅಂದ್ರೆ ಕಾಫ್ಕಾ ಕಥೆಗಳಲ್ಲಿರೋ ಥರದ ಉಸಿರುಗಟ್ಟಿಸೋ ಗೋಜಲು.

ನನಗೆ ತುಂಬಾ ಇಷ್ಟ ಆಗೋದು "ಆಯ್ಡ್". ಗ್ರೀಕ್‌ನ "ಐಡೋಸ್" ಅಂದ್ರೆ ರೂಪ, ಅಲ್ಲಿಂದ ಬಂದಿದ್ದು. ಟೈಫಾಯ್ಡ್ ಅಂತ ದಿನಾ ಅಂತೀವಲ್ಲ, ಅದ್ರ ಅರ್ಥ ಟೈಫಸ್ ಥರದ ಜ್ವರ ಅಂತ, ಎರಡೂ ಬೇರೆ ಕಾಯಿಲೆ. ಥೈರಾಯ್ಡ್ ಅಂದ್ರೆ ಗುರಾಣಿ ಆಕಾರದ್ದು. 1802ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಕ್ಷುದ್ರಗ್ರಹಗಳಿಗೆ "ಆಸ್ಟರಾಯ್ಡ್" ಅನ್ನೋ ಪದ ಬಳಸಿದ್ದೂ ಇದೇ ಕಾರಣಕ್ಕೆ, ಟೆಲಿಸ್ಕೋಪಲ್ಲಿ ಅವು ಗ್ರಹದ ಥರ ಬಿಲ್ಲೆಯಾಗಿ ಕಾಣದೆ ನಕ್ಷತ್ರದ ಹಂಗೆ ಬರೀ ಚುಕ್ಕಿಯಾಗಿ ಕಂಡ್ವು. ಸೋ ಹೊಸ ಪದದ ಕೊನೇಲಿ ಆಯ್ಡ್ ಕಂಡ್ರೆ ಅದನ್ನ ಬಿಡಿಸಿ, ಅದಕ್ಕೆ ಮುಂಚೆ ಇರೋ ಭಾಗ ಏನು ಅಂತ ನೋಡಿ, "ಅದ್ರ ಹಂಗಿರೋದು" ಅಂತ ಓದ್ಕೊಳಿ, ಬಹಳಷ್ಟು ಸಲ ಡಿಕ್ಷನರಿ ಇಲ್ದೇನೇ ಅರ್ಥ ಸಿಗುತ್ತೆ. "ಫ್ಯಾಕ್ಟಾಯ್ಡ್" ನೋಡಿ, 1973ರಲ್ಲಿ ಅಮೆರಿಕದ ಲೇಖಕ ನಾರ್ಮನ್ ಮೈಲರ್ ಈ ಪದ ಹುಟ್ಟಿಸಿದಾಗ ಅರ್ಥ ಇದ್ದಿದ್ದು ನಿಜದ ಹಂಗೆ ಕಾಣೋ ಆದ್ರೆ ನಿಜ ಅಲ್ಲದ್ದು ಅಂತ, ಈಗ ಅಮೆರಿಕದಲ್ಲಿ ಚಿಕ್ಕ ಸ್ವಾರಸ್ಯದ ಮಾಹಿತಿಗೂ ಅದನ್ನೇ ಅಂತಾರೆ, ಹಾಗಾಗಿ ಎಲ್ಲಾದ್ರೂ ಕಂಡ್ರೆ ಹಿಂದೆ ಮುಂದೆ ಓದಿ ಯಾವ ಅರ್ಥ ಅಂತ ತೀರ್ಮಾನ ಮಾಡಿ.