ದನಿಯನ್ನು ಚೇಣಿಗೆ ಕೊಡುವ ಮುನ್ನ: ಎಐ ಸಂಗೀತ ಪರಿಕರಗಳಿಗೆ ಪರವಾನಗಿ ನೀಡುವ ಬಗೆ

ಮಲೆನಾಡಿನಲ್ಲಿ ಅಡಿಕೆಯನ್ನು ಚೇಣಿಗೆ ಕೊಡುವವರು ತೋಟವನ್ನು ಬರೆದುಕೊಡುವುದಿಲ್ಲ. ಆ ವರ್ಷದ ಫಸಲನ್ನಷ್ಟೇ ಮಾತಾದ ದರಕ್ಕೆ ಕೊಡುತ್ತಾರೆ. ಕೃತಕ ಬುದ್ಧಿಮತ್ತೆಯ (ಎಐ) ಸಂಗೀತ ಪರಿಕರಕ್ಕೆ ನಿಮ್ಮ ದನಿ ಬೇಕೆಂದು ಯಾರಾದರೂ ಕೇಳಿ ಬಂದಾಗ, ನೀವು ಶಿವಮೊಗ್ಗದ ಸುಗಮ ಸಂಗೀತ ಗಾಯಕರಾಗಿರಲಿ, ಸಾಗರ ಸೀಮೆಯ ಭಾಗವತರಾಗಿರಲಿ, ಹೊಸಹಳ್ಳಿಯ ಗಮಕಿಗಳಾಗಿರಲಿ, ಈ ಭೇದವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ವಿಷಯದಲ್ಲಿ ಮಾತ್ರ ದನಿಯ ವ್ಯವಹಾರ ತೋಟದ್ದಕ್ಕಿಂತ ಕಠಿಣವಾದುದು. ಚೇಣಿದಾರ ಮರವನ್ನು ಹೊತ್ತೊಯ್ಯಲಾರ. ಆದರೆ ನಿಮ್ಮ ಹಾಡಿಕೆಯಿಂದ ತಯಾರಾದ ದನಿಯ ಮಾದರಿ, ಅಂದರೆ ನಿಮ್ಮ ದನಿಯಲ್ಲೇ ಹಾಡಲು ಕಲಿತ ತಂತ್ರಾಂಶ, ಮೂಲ ಧ್ವನಿಮುದ್ರಣವನ್ನು ಅಳಿಸಿದ ಮೇಲೂ ಕಂಪನಿಯ ಬಳಿಯೇ ಉಳಿದು ಹಾಡುತ್ತಿರುತ್ತದೆ.

ಆದ್ದರಿಂದ ಕೊಡಲು ನಿಮ್ಮಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಿರಿ. ಸಾಹಿತ್ಯದ ಹಕ್ಕು ಕವಿಯದು, ಧಾಟಿಯ ಹಕ್ಕು ಸಂಯೋಜಕರದು, ಧ್ವನಿಮುದ್ರಿಕೆಯ ಹಕ್ಕು ಸಾಮಾನ್ಯವಾಗಿ ಅದನ್ನು ಹಣ ಹಾಕಿ ಮಾಡಿಸಿದವರದು. ಹಾಡಿದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶಕರ ಹಕ್ಕನ್ನು ಕೊಟ್ಟಿದೆ. ಅದರ ಅವಧಿ 50 ವರ್ಷ. ಹೀಗಿರುವಾಗ, ಹಿಂದೆ ಯಾವುದೋ ಸಂಸ್ಥೆಗೆ ಹಾಡಿದ ಕ್ಯಾಸೆಟ್ಟನ್ನು ನೀವೊಬ್ಬರೇ ಎತ್ತಿ ಕೊಡಲು ಬರುವುದಿಲ್ಲ. ಹೊಸದಾಗಿ ಹಾಡಿ ಕೊಡುವುದೇ ಸುರಕ್ಷಿತ: ಆಲಾಪನೆ, ಸ್ವರಾಭ್ಯಾಸ, ಇಲ್ಲವೇ ನೀವೇ ಧಾಟಿ ಹಾಕಿದ ವಚನ. ದನಿಯ ರಕ್ಷಣೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲವಾದರೂ ನ್ಯಾಯಾಲಯಗಳು ಕೈಬಿಟ್ಟಿಲ್ಲ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಎಐ ಮೂಲಕ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ಮಧ್ಯಂತರ ಆದೇಶ ನೀಡಿತು.

ಇನ್ನು ಕರಾರು. ನನಗೆ ಒಮ್ಮೆ ಬಂದಿದ್ದ ಕರಡಿನಲ್ಲಿ, ಹಣದ ಮಾತೆಲ್ಲ ಮುಗಿದ ಮೇಲೆ, “ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ” ಎಂಬ ಒಂದು ಸಾಲು ಸಣ್ಣ ಅಕ್ಷರದಲ್ಲಿತ್ತು. ಆ ಸಾಲಿಗೆ ಸಹಿ ಹಾಕಿದರೆ ತೋಟವೇ ಹೋಯಿತು. ಹಕ್ಕನ್ನು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದು ಪರಿಗಣಿಸುತ್ತದೆ. ಪತ್ರ ಮಾಡಿಕೊಂಡ ಕಾಲದಲ್ಲಿ ಇಲ್ಲದಿದ್ದ ಬಳಕೆಯ ವಿಧಾನವನ್ನು ಸ್ಪಷ್ಟವಾಗಿ ಹೆಸರಿಸದಿದ್ದರೆ ಅದಕ್ಕೆ ಹಕ್ಕು ಹೋಗುವುದಿಲ್ಲ. ಕಾಯ್ದೆ ಕೊಟ್ಟಿರುವ ಈ ಆಸರೆಯನ್ನು ನಾವೇ ಬರೆದು ಕಳೆದುಕೊಳ್ಳಬಾರದು.

‘ವರ್ಗಾವಣೆ’ ಎಂಬ ಪದವನ್ನು ತೆಗೆಸಿ, ‘ಪರವಾನಗಿ’ ಎಂದು ಬರೆಸಿ. ಅದರ ಕೆಳಗೆ ಯಾವ ಪರಿಕರಕ್ಕೆ, ಎಷ್ಟು ವರ್ಷಕ್ಕೆ ಎಂಬುದು ಹೆಸರು ಮತ್ತು ದಿನಾಂಕ ಸಹಿತ ಬರಲಿ. ಎರಡು ವರ್ಷಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ನನ್ನ ಸಲಹೆ. ನಿಮ್ಮ ಹಾಡಿಕೆಯನ್ನು ಕಂಪನಿಯ ಬೇರೆ ಮಾದರಿಗಳ ತರಬೇತಿಗೆ ಬಳಸಬಾರದು, ಇನ್ನೊಬ್ಬರಿಗೆ ದಾಟಿಸಬಾರದು, ಅವಧಿ ಮುಗಿದಾಗ ಕಡತಗಳನ್ನಷ್ಟೇ ಅಲ್ಲದೆ ದನಿಯ ಮಾದರಿಯನ್ನೂ ಅಳಿಸಿ ಲಿಖಿತವಾಗಿ ದೃಢೀಕರಿಸಬೇಕು. ಇಡೀ ಪತ್ರದಲ್ಲಿ ಬಿಟ್ಟುಕೊಡಲೇಬಾರದ ಮಾತು ಇದೇ. ಚುನಾವಣಾ ಪ್ರಚಾರ, ಜಾಹೀರಾತು, ನಿಂದನೆಯ ಹಾಡುಗಳಿಗೆ ದನಿ ಹೋಗಬಾರದೆಂದೂ, ಹೊರಬರುವ ಪ್ರತಿ ಹಾಡಿನ ಮೇಲೆ ಅದು ಎಐ ದನಿಯೆಂಬ ಗುರುತು ಇರಬೇಕೆಂದೂ ಸೇರಿಸಿ. ವ್ಯಾಜ್ಯ ಬಂದರೆ ಶಿವಮೊಗ್ಗದ ನ್ಯಾಯಾಲಯದಲ್ಲೇ ತೀರ್ಮಾನವಾಗಲಿ ಎಂದು ಕೇಳಿ. ದೂರದ ಊರಿಗೆ ಅಲೆಯಬೇಕಾದ ಹಕ್ಕನ್ನು ಬಹಳ ಮಂದಿ ದಾರಿಯಲ್ಲೇ ಬಿಟ್ಟುಬಿಡುತ್ತಾರೆ.

ಹಣದ ವಿಷಯದಲ್ಲಿ ಒಂದೇ ಗಂಟಿಗೆ ಒಪ್ಪದೆ, ಮುಂಗಡದ ಜೊತೆಗೆ ಆದಾಯದಲ್ಲಿ ಪಾಲನ್ನೂ, ಲೆಕ್ಕ ನೋಡುವ ಹಕ್ಕನ್ನೂ ಕೇಳಿ. ಕೆನಡಾದ ಗಾಯಕಿ ಗ್ರೈಮ್ಸ್ 2023ರಲ್ಲಿ ತಮ್ಮ ಎಐ ದನಿಯ ಹಾಡುಗಳ ರಾಯಧನದಲ್ಲಿ ಅರ್ಧ ಪಾಲು ಕೇಳಿದ್ದರು. ನಿಮ್ಮ ಕಾಲಾನಂತರ ನಿರ್ಧರಿಸುವವರು ಯಾರೆಂಬುದನ್ನೂ ಈಗಲೇ ಬರೆದಿಡಿ. 2024ರಲ್ಲಿ ಎ. ಆರ್. ರೆಹಮಾನ್ ಅವರು ದಿವಂಗತರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಎಐ ಮೂಲಕ ಹಾಡಿಸಿದಾಗ, ಎರಡೂ ಕುಟುಂಬಗಳ ಅನುಮತಿ ಪಡೆದು ಸಂಭಾವನೆ ಕೊಟ್ಟಿದ್ದಾಗಿ ತಿಳಿಸಿದ್ದರು.

ಗುಂಪಿನ ಹಾಡಿಕೆಗೆ ಇನ್ನಷ್ಟು ಎಚ್ಚರ ಬೇಕು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರ ಹಾಡು ಊರಿನದು, ಆದರೆ ಹಾಡುವ ಒಂದೊಂದು ಕಂಠವೂ ಒಬ್ಬೊಬ್ಬರದು. ಮೇಳದ ಹಿರಿಯರೊಬ್ಬರು ಎಲ್ಲರ ಪರವಾಗಿ ಸಹಿ ಹಾಕಿದರೆ ಸಾಲದು. ಪ್ರತಿಯೊಬ್ಬರಿಗೂ ಕರಾರನ್ನು ಕನ್ನಡದಲ್ಲಿ ಓದಿ ಹೇಳಿ, ಒಪ್ಪದವರ ದನಿಯನ್ನು ಬಿಟ್ಟು ಧ್ವನಿಮುದ್ರಿಸಬೇಕು.

ಧ್ವನಿಮುದ್ರಣವನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ಹೆಂಚಿನ ಮೇಲಿನ ಮಳೆ, ಸಂಜೆಯ ಜೀರುಂಡೆ ಎರಡೂ ದನಿಯ ಜೊತೆ ಸೇರಿದರೆ ಬೇರ್ಪಡಿಸುವುದು ಕಷ್ಟ. ಪಕ್ಕವಾದ್ಯವಿಲ್ಲದ ಶುದ್ಧ ದನಿಯ ಕಡತದ ಒಂದು ಪ್ರತಿಯನ್ನು ದಿನಾಂಕ ನಮೂದಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಸಹಿಗೆ ಮೊದಲೇ “ಸ್ಯಾಂಪಲ್ ಕಳಿಸಿ” ಎಂದವರಿಗೆ ಆ ಕಡತವನ್ನು ಎಂದಿಗೂ ಕಳಿಸಬೇಡಿ, ಏಕೆಂದರೆ ನಕಲು ತಯಾರಿಸಲು ಕೆಲವೇ ನಿಮಿಷಗಳ ಶುದ್ಧ ದನಿ ಸಾಕು. ಶ್ರುತಿ, ತಬಲಾ ಕೂಡಿದ ಅರ್ಧ ನಿಮಿಷದ ತುಣುಕನ್ನು ಕಳಿಸಿ, ಉಳಿದದ್ದನ್ನು ಎರಡೂ ಕಡೆಯ ಸಹಿಯಾಗಿ ಮುಂಗಡ ಕೈಸೇರಿದ ದಿನ ಒಪ್ಪಿಸಿ.