ಗಡಸು ನೀರಿನ ಊರಲ್ಲಿ ಸ್ನಾನದ ಸಾಮಾನು: ಕಡಿಮೆ ಖರ್ಚಲ್ಲಿ ಕೊಳ್ಳುವುದು ಹೇಗೆ?

ಬೇರೆ ಊರಿಂದ ಕೋಲಾರಕ್ಕೆ ಬಂದು ಮನೆ ಮಾಡಿದವರು ಮೊದಲ ವಾರದಲ್ಲೇ ಒಂದು ಮಾತು ಹೇಳುತ್ತಾರೆ. "ಇಲ್ಲಿ ಎಷ್ಟು ಸೋಪು ಉಜ್ಜಿದ್ರೂ ನೊರೆನೇ ಬರಲ್ಲ ಕಣ್ರೀ." ಆಮೇಲೆ ಸೋಪು ಬದಲಾಯಿಸುತ್ತಾರೆ. ಅದೂ ಆಗದಿದ್ದರೆ ಇನ್ನೂ ದುಬಾರಿಯದ್ದು ತರುತ್ತಾರೆ. ಶಾಂಪೂ, ಕಂಡೀಷನರ್, ಬಾಡಿ ಲೋಷನ್ ಅಂತ ಬಚ್ಚಲುಮನೆಯ ಗೂಡು ತುಂಬುತ್ತದೆ, ಜೇಬು ಖಾಲಿಯಾಗುತ್ತದೆ. ಅಷ್ಟರ ಮೇಲೂ ಮೈ ಬಿಳಿಚಿಕೊಂಡೇ ಇರುತ್ತದೆ.

ತಪ್ಪು ಸೋಪಿನದ್ದಲ್ಲ, ನೀರಿನದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಕೆಳಗಿಳಿದ ಬೋರ್‌ವೆಲ್‌ಗಳೇ ಎಷ್ಟೋ ಕಡೆ ಗತಿ. ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಗಡಸು ನೀರು ಅನ್ನುವುದು ಇದಕ್ಕೇ. ಅದಕ್ಕೇ ಇಲ್ಲಿ ಅಂಗಡಿಗೆ ಹೋಗುವ ಮೊದಲು ನೋಡಬೇಕಾದ್ದು ಜಾಹೀರಾತನ್ನಲ್ಲ, ನಲ್ಲಿಯನ್ನು.

ಹಂತ 1: ನಿಮ್ಮ ನೀರು ಎಂಥದ್ದು ಅಂತ ತಿಳಿದುಕೊಳ್ಳಿ

ಒಂದೇ ಅಳತೆಯ ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಕಾಲು ಭಾಗ ಬೋರ್ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ನೀರು ಹಾಕಿ. ಮೈಸೋಪನ್ನು ಚಾಕುವಿನಿಂದ ಕೆರೆದು ಎರಡಕ್ಕೂ ಒಂದೊಂದು ಚಿಟಿಕೆ ಉದುರಿಸಿ, ಮುಚ್ಚಳ ಹಾಕಿ ಒಂದೇ ಸಮ ಕುಲುಕಿ. ಆರ್‌ಒ ನೀರಿನ ಬಾಟಲಿಯಲ್ಲಿ ಕುತ್ತಿಗೆಯವರೆಗೂ ನೊರೆ ಏರುತ್ತದೆ. ಬೋರ್ ನೀರು ಗಡಸಾಗಿದ್ದರೆ ನೊರೆ ಬಂದ ಹಾಗೆ ಮಾಡಿ ಕುಸಿಯುತ್ತದೆ. ನೀರು ಹಾಲುಬಣ್ಣಕ್ಕೆ ತಿರುಗಿ, ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು ತೇಲುತ್ತವೆ. ಮೈ ಮೇಲೆ, ಬಕೆಟ್ಟಿನ ಅಂಚಿಗೆ, ಬಚ್ಚಲಿನ ಟೈಲ್ಸಿಗೆ ಅಂಟುವ ಜಿಗುಟು ಅದೇ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಪದಾರ್ಥವಾಗಿರುತ್ತದೆ.

ಈ ಪರೀಕ್ಷೆಗೆ ಬಿಲ್ಲೆ ಸೋಪೇ ಆಗಬೇಕು. ಹ್ಯಾಂಡ್‌ವಾಶ್, ಬಟ್ಟೆಪುಡಿ ಹಾಕಿದರೆ ಗಡಸು ನೀರಲ್ಲೂ ನೊರೆ ಬಂದು ಮೋಸ ಹೋಗುತ್ತೀರಿ. ಆರ್‌ಒ ಮಾರಲು ಬಂದವರು ತೋರಿಸುವ ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಎಲ್ಲ ಲವಣಗಳ ಲೆಕ್ಕ ಕೊಡುತ್ತದೆ, ಗಡಸುತನ ಎಷ್ಟು ಅಂತ ಬೇರೆಯಾಗಿ ಹೇಳುವುದಿಲ್ಲ. ಸರಿಯಾದ ಅಂಕಿ ಬೇಕಿದ್ದರೆ ಲ್ಯಾಬಿಗೇ ಕೊಡಬೇಕು. ಕುಡಿಯುವ ನೀರಿನ ಗಡಸುತನಕ್ಕೆ ಬಿಐಎಸ್ (ಸಾಮಾನುಗಳ ಗುಣಮಟ್ಟ ಗೊತ್ತುಮಾಡುವ ಕೇಂದ್ರ ಸರ್ಕಾರದ ಸಂಸ್ಥೆ) ಇಟ್ಟ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಆಗಬಹುದು ಅನ್ನುತ್ತದೆ.

ಹಂತ 2: ಸೋಪನ್ನು ತಿರುಗಿಸಿ ನೋಡಿ

ದೊಡ್ಡಪೇಟೆಯ ಅಂಗಡಿಯಲ್ಲಿ "ಅಣ್ಣಾ, ಅದರ ಹಿಂದ್ಗಡೆ ಸ್ವಲ್ಪ ತೋರ್ಸಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪೊಟ್ಟಣದ ಮುಂದೆ ಹೂವು, ಹಾಲು, ಬಾದಾಮಿ ಇರುತ್ತವೆ. ಕೆಲಸದ ವಿಷಯ ಇರುವುದು ಹಿಂದೆ, ಸಣ್ಣ ಅಕ್ಷರದಲ್ಲಿ. ಅಲ್ಲಿ ಟಿಎಫ್‌ಎಂ ಅಂತ ಹುಡುಕಿ. ಸೋಪಿನಲ್ಲಿ ನಿಜವಾದ ಕೊಬ್ಬಿನಂಶ ಶೇಕಡಾ ಎಷ್ಟಿದೆ ಅನ್ನುವ ಲೆಕ್ಕ ಅದು. ಬಿಐಎಸ್ ಪ್ರಕಾರ ಟಿಎಫ್‌ಎಂ ಕನಿಷ್ಠ 76 ಇದ್ದರೆ ಗ್ರೇಡ್ 1, 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. ಇವು ಟಾಯ್ಲೆಟ್ ಸೋಪುಗಳು. 'ಬೇದಿಂಗ್ ಬಾರ್' ಅಂತ ಬರೆದಿದ್ದರೆ ಅದರ ಕಟ್ಟುಪಾಡೇ ಬೇರೆ. ಅಲ್ಲಿ ಟಿಎಫ್‌ಎಂ 40 ಇದ್ದರೂ ಸಾಕು.

ಟಿಎಫ್‌ಎಂ ಕಡಿಮೆ ಇದ್ದಷ್ಟೂ ಸಾಮಾನ್ಯವಾಗಿ ಸೋಪು ಬೇಗ ಮೆತ್ತಗಾಗುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಬೆಲೆ ನೋಡುವಾಗ ತೂಕವೊಂದನ್ನೇ ನೋಡಬೇಡಿ. ಉದಾಹರಣೆಗೆ, 100 ಗ್ರಾಂ ಗ್ರೇಡ್ 1 ಸೋಪಿಗೆ 40 ರೂಪಾಯಿ, 100 ಗ್ರಾಂ ಗ್ರೇಡ್ 3ಕ್ಕೆ 35 ರೂಪಾಯಿ ಅಂದುಕೊಳ್ಳಿ. 40 ರೂಪಾಯಿಗೆ 76 ಗ್ರಾಂ ಕೊಬ್ಬಿನಂಶ ಸಿಕ್ಕಿತು, ಗ್ರಾಂಗೆ 53 ಪೈಸೆ ಬಿತ್ತು. 35 ರೂಪಾಯಿಗೆ 60 ಗ್ರಾಂ ಸಿಕ್ಕಿತು, ಗ್ರಾಂಗೆ 58 ಪೈಸೆ. ಅಗ್ಗದ್ದೇ ದುಬಾರಿ ಆಯಿತಲ್ವಾ?

ನಮ್ಮದೇ ಸರ್ಕಾರಿ ಮೈಸೂರ್ ಸ್ಯಾಂಡಲ್ ಗ್ರೇಡ್ 1 ಸೋಪು. ಅದರ ಕಾರ್ಖಾನೆ 1916ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು. ದಿನಬಳಕೆಗೆ ಅದರ ಬೆಲೆ ಜಾಸ್ತಿಯಾಯಿತು ಅನಿಸಿದರೆ ಬೇರೆ ಕಂಪನಿಯ ಗ್ರೇಡ್ 1 ಸೋಪುಗಳೂ ಇವೆ. ಮೂರು ನಾಲ್ಕರ ಕಟ್ಟು ಕೊಂಡರೆ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ.

'ಕೀಟಾಣು ನಾಶಕ' ಅನ್ನುವ ಒಂದೇ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಮಾಮೂಲಿ ಸೋಪಿಗಿಂತ ಇವು ಮೇಲು ಅನ್ನುವುದಕ್ಕೆ ಕಂಪನಿಗಳು ಪುರಾವೆ ಕೊಡಲಿಲ್ಲ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಟ್ರೈಕ್ಲೋಸಾನ್ ಸೇರಿ 19 ಕೀಟಾಣು ನಾಶಕ ಪದಾರ್ಥಗಳನ್ನು ಸೋಪುಗಳಿಂದ ಹೊರಗಿಟ್ಟಿತು. ಇನ್ನು ಬಾಡಿ ವಾಶ್. ಅದರ ಒಳಗಿರುವ ಮುಖ್ಯ ಸರಕು ಶಾಂಪೂ ಕುಟುಂಬದ್ದೇ, ಜೊತೆಗೆ ಬೇಕಾದಷ್ಟು ನೀರು. ಗಡಸು ನೀರಲ್ಲಿ ಅದು ಬಿಳಿ ಜಿಗುಟು ಕಟ್ಟುವುದಿಲ್ಲ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಬಾಟಲಿ ಒತ್ತಿದ ಕೈ ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಕೇಳಲೇಬೇಡಿ.

ಹಂತ 3: ಹಚ್ಚುವ ರೀತಿಯಲ್ಲೇ ಉಳಿಸಿ

ಇಲ್ಲೊಂದು ಲೆಕ್ಕ ಇದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರು, ಒಂದು ಲೀಟರಿಗೆ ಸುಮಾರು 1.8 ಗ್ರಾಂ ಸೋಪನ್ನು ಸುಮ್ನೆ ತಿಂದುಹಾಕುತ್ತದೆ. ಅದರ ಹೊಟ್ಟೆ ತುಂಬಿದ ಮೇಲೆಯೇ ನೊರೆ. ಅಂದಮೇಲೆ ಸೋಪು ಹಚ್ಚುವಾಗ ಮೈ ಮೇಲೆ ನೀರು ಎಷ್ಟು ಕಡಿಮೆ ಇರುತ್ತದೋ ಅಷ್ಟು ಉಳಿತಾಯ. ಶವರ್ ಬಿಟ್ಟುಕೊಂಡು ಸೋಪು ಉಜ್ಜುವುದು ದುಡ್ಡನ್ನು ಮೋರಿಗೆ ಬಿಟ್ಟ ಲೆಕ್ಕ. ಒಂದು ಚೊಂಬು ನೀರು ಹಾಕಿಕೊಂಡು ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ. ಸೋಪನ್ನು ನೇರ ಮೈಗೆ ಉಜ್ಜದೆ ಒದ್ದೆ ನಾರಿಗೆ ಉಜ್ಜಿ. ಕಂಕುಳು, ತೊಡೆಸಂದಿ, ಪಾದ, ಕುತ್ತಿಗೆ, ಇಷ್ಟಕ್ಕೆ ಸೋಪು ಬೇಕೇ ಬೇಕು. ಬೆವರು ಧೂಳು ಇಲ್ಲದ ದಿನ ಕೈಕಾಲಿಗೆಲ್ಲ ಬಳಿಯುವ ಅಗತ್ಯವಿಲ್ಲ.

ನಾರಿಗೆ ತುಪ್ಪದ ಹೀರೇಕಾಯಿ ಸಾಕು. ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿಯ ಸಿಪ್ಪೆ ಬಿಡಿಸಿ, ಬೀಜ ಉದುರಿಸಿದರೆ ಆಯಿತು. ತೋಟ ಇರುವವರ ಮನೆಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಮಾಲ್‌ಗಳಲ್ಲಿ ಇದನ್ನೇ ಕತ್ತರಿಸಿ, ದಾರ ಕಟ್ಟಿ, 'ನ್ಯಾಚುರಲ್' ಅಂತ ಚೀಟಿ ಅಂಟಿಸಿ ಮಾರುವುದನ್ನು ನೋಡಿದರೆ ನಗು ಬರುತ್ತದೆ. ದಿನಾ ಬಿಸಿಲಿಗೆ ಒಣಗಿಸಿ, ವಾಸನೆ ಬಂದರೆ ಎಸೆಯಿರಿ.

ಸೋಪಿನ ಪೊಟ್ಟಣ ಬಿಚ್ಚಿ ಒಂದೆರಡು ತಿಂಗಳು ಬಟ್ಟೆ ಬೀರುವಿನಲ್ಲಿಟ್ಟರೆ ಒಣಗಿ ಗಟ್ಟಿಯಾಗುತ್ತದೆ, ಜಾಸ್ತಿ ದಿನ ಬರುತ್ತದೆ. ಬಟ್ಟೆಗೂ ಪರಿಮಳ. ಬಳಸುವಾಗ ಬಿಲ್ಲೆಯನ್ನು ಎರಡು ಹೋಳು ಮಾಡಿ, ತೂತಿರುವ ಸೋಪು ಡಬ್ಬಿಯಲ್ಲಿಡಿ.

ಹಂತ 4: ತಲೆಗೆ ಏನು?

ತಲೆಗೆ ಮೈಸೋಪು ಬೇಡವೇ ಬೇಡ. ಬಿಳಿ ಜಿಗುಟು ಕೂದಲಿಗೆ ಹತ್ತಿದರೆ ಬಾಚಣಿಗೆ ಇಳಿಯುವುದಿಲ್ಲ. ಶಾಂಪೂ ಅಥವಾ ಸೀಗೆ, ಇವೆರಡೇ ದಾರಿ.

ಶಾಂಪೂ ಕೊಳ್ಳುವಾಗ ಲೆಕ್ಕ ತಿರುಗಾಮುರುಗಾ. ಬೇರೆ ಸಾಮಾನೆಲ್ಲ ದೊಡ್ಡದು ಕೊಂಡರೆ ಅಗ್ಗ, ಶಾಂಪೂ ಮಾತ್ರ ಎಷ್ಟೋ ಸಲ ಸ್ಯಾಷೆಯಲ್ಲೇ ಅಗ್ಗ. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕ ಈಗ ಮಿಲಿಲೀಟರಿಗೆ ಎಷ್ಟು ಅಂತ ಅಚ್ಚಾಗಿರುತ್ತದೆ. ಚಿಕ್ಕ ಸ್ಯಾಷೆ ಮೇಲೆ ಅದು ಕಾಣದಿದ್ದರೆ ನೀವೇ ಭಾಗಿಸಿ. 1 ರೂಪಾಯಿಗೆ 6 ಮಿ.ಲೀ. ಇದ್ದರೆ 100 ಮಿ.ಲೀ.ಗೆ 17 ರೂಪಾಯಿ. ಅದೇ ಶಾಂಪೂ 180 ಮಿ.ಲೀ. ಬಾಟಲಿಗೆ 120 ರೂಪಾಯಿ ಇದ್ದರೆ 100 ಮಿ.ಲೀ.ಗೆ 67 ರೂಪಾಯಿ ಆಯಿತು. ಪ್ಲಾಸ್ಟಿಕ್ ಕಸ ಹೆಚ್ಚುತ್ತದೆ ಅನ್ನುವುದು ನಿಜ, ಆ ಬೇಸರ ನನಗೂ ಇದೆ. ಏನೇ ಆಗಲಿ, ಖಾಲಿ ಪೊಟ್ಟಣ ಬಚ್ಚಲ ತೂಬಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಸಾಮಗ್ರಿಗಳ ಪಟ್ಟಿಯಲ್ಲಿ ಇಡಿಟಿಎ ಅಂತ ಇದ್ದರೆ ನಮ್ಮ ನೀರಿಗೆ ಅನುಕೂಲ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸೀಗೆಯ ಕಡೆಗೆ ನನ್ನ ಒಲವು ಸ್ವಲ್ಪ ಜಾಸ್ತಿ. ಅಂಟುವಾಳ, ಸೀಗೆಯಲ್ಲಿ ನೊರೆ ಕೊಡುವುದು ಸಪೋನಿನ್ ಅನ್ನುವ ಪದಾರ್ಥ. ಸೋಪಿನ ಹಾಗೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಡ್ಡೆ ಕಟ್ಟುವುದಿಲ್ಲ. ಸೀಗೆಗೆ ಸಣ್ಣ ಹುಳಿಗುಣವೂ ಇದೆ. ಬಾವಿ ನೀರಿನ ಕಾಲದ ಅಜ್ಜಿಯರು ಇದನ್ನು ಬಿಡದೆ ಬಳಸಿದ್ದು ಸುಮ್ನೆ ಅಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಅರ್ಧ ಕೆಜಿ ಸೀಗೆಕಾಯಿ, ಕಾಲು ಕೆಜಿ ಅಂಟುವಾಳ, 100 ಗ್ರಾಂ ಮೆಂತ್ಯ ತನ್ನಿ. ಅಂಟುವಾಳದ ಕರೀ ಬೀಜ ಒಡೆದು ತೆಗೆಯಿರಿ. ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಇದ್ದರೆ ಒಂದು ಹಿಡಿ ಸೇರಿಸಿ. ಎಲ್ಲ ಚೆನ್ನಾಗಿ ಒಣಗಿದ ಮೇಲೆ ಮಿಲ್ಲಿಗೆ ಕೊಡಿ. ರಾಗಿ ಬೀಸುವ ಮಿಲ್ಲಿನವರು ಒಪ್ಪುವುದಿಲ್ಲ, ಸೀಗೆಪುಡಿಗೇ ಬೇರೆ ಯಂತ್ರ ಇರುವ ಕಡೆ ಹೋಗಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಮನೆ ತಲುಪುವವರೆಗೂ ಸೀನು. ಪುಡಿಯನ್ನು ಬೆಚ್ಚಗಿನ ನೀರು ಅಥವಾ ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹಚ್ಚಬಹುದು. ಕಣ್ಣು ಮುಚ್ಚಿಕೊಂಡೇ ತೊಳೆಯಿರಿ. ಪುಟ್ಟ ಮಕ್ಕಳಿಗೆ ಬೇಡ.

ಯಾವುದನ್ನೇ ಹಚ್ಚಿ, ಕೊನೆಯ ಒಂದು ಚೊಂಬು ಆರ್‌ಒ ನೀರು ಅಥವಾ ಮಳೆನೀರಾಗಿರಲಿ. ಅದಿಲ್ಲವೆಂದರೆ ಒಂದು ಚೊಂಬು ಬೋರ್ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಸೋಸಿ ಸುರಿದುಕೊಳ್ಳಿ. ಕೂದಲ ಮೇಲೆ ಕೂತ ಜಿಗುಟು ಬಿಡುತ್ತದೆ. ನೂರಾರು ರೂಪಾಯಿಯ ಸೀರಮ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಒಂದು ಮಾತು: ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ. ಬುಡದಿಂದಲೇ ಉದುರುತ್ತಿದ್ದರೆ ನೀರನ್ನು ಬೈದುಕೊಂಡು ಕೂರಬೇಡಿ. ರಕ್ತ ಕಡಿಮೆ ಇದೆಯೋ, ಥೈರಾಯ್ಡ್ ಇದೆಯೋ ಅಂತ ತೋರಿಸಿಕೊಳ್ಳಿ.

ಹಂತ 5: ಎಣ್ಣೆ ಒಂದೇ ಸಾಕು

ತಲೆಗೂ ಮೈಗೂ ಕೊಬ್ಬರಿ ಎಣ್ಣೆ ಸಾಕು. ಕೊಬ್ಬರಿಗೆ ಹೆಸರಾದ ತಿಪಟೂರು ಹತ್ತಿರದ ತುಮಕೂರು ಜಿಲ್ಲೆಯಲ್ಲೇ ಇದೆ. 'ಹೇರ್ ಆಯಿಲ್' ಅಂತ ಇರುವ ಬಾಟಲಿಗಳ ಹಿಂದೆ ಓದಿ. ಎಷ್ಟೋ ಕಡೆ ಮೊದಲ ಹೆಸರೇ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. ಬಾದಾಮಿ, ಆಮ್ಲ, ಭೃಂಗರಾಜ ಎಲ್ಲ ಅದರ ಹಿಂದೆ ಚೂರುಪಾರು. ಹಾಗಾಗಿ ಅಡುಗೆಗೂ ಆಗುವ ಶುದ್ಧ ಕೊಬ್ಬರಿ ಎಣ್ಣೆಯನ್ನೇ ಕೊಳ್ಳಿ. ಚಳಿಗಾಲದಲ್ಲಿ ಅದು ಗಟ್ಟಿಯಾದರೆ ಕಲಬೆರಕೆ ಅಂತ ಹೆದರಬೇಡಿ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದು ಅದರ ಗುಣ. ಸ್ನಾನ ಆದ ತಕ್ಷಣ, ಮೈ ಇನ್ನೂ ಪಸೆ ಇರುವಾಗಲೇ ನಾಲ್ಕು ಹನಿ ಸವರಿದರೆ ಬಾಡಿ ಲೋಷನ್ ಕೆಲಸ ಮುಗಿಯಿತು. ಹಿಮ್ಮಡಿ ಒಡೆದರೆ ಪೆಟ್ರೋಲಿಯಂ ಜೆಲ್ಲಿಯ ಚಿಕ್ಕ ಡಬ್ಬಿ ಸಾಕು.

ಹಂತ 6: ಹಲ್ಲಿನ ವಿಷಯದಲ್ಲಿ ಎಚ್ಚರ

ಬಾಗೇಪಲ್ಲಿ, ಪಾವಗಡ ಕಡೆಯ ಎಷ್ಟೋ ಹಳ್ಳಿಗಳಲ್ಲಿ ನೀರಿನ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅಲ್ಲಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ ಕಾಣುತ್ತೀರಿ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಸೇರಿದ ಕಲೆ ಅದು. 'ವೈಟ್ನಿಂಗ್' ಪೇಸ್ಟ್ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಯಸ್ಸಿಗೆ ಬಂದ ಹುಡುಗ ಹುಡುಗಿಯರು ಅದಕ್ಕೆ ದುಡ್ಡು ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ದುಡ್ಡಲ್ಲಿ ಒಮ್ಮೆ ದಂತವೈದ್ಯರನ್ನು ಕಾಣಲಿ.

ಇಲ್ಲಿ ಉಳಿತಾಯದ ದಾರಿ ಪೇಸ್ಟಿನಲ್ಲಿಲ್ಲ, ಕುಡಿಯುವ ನೀರಿನಲ್ಲಿದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಮಕ್ಕಳಿಗೆ ಕುಡಿಯಲೂ ಅಡುಗೆಗೂ ಬಳಸಿ. ಪೇಸ್ಟ್ ಮಾಮೂಲಿಯದ್ದೇ ಸಾಕು. ನಮ್ಮ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಜಾಸ್ತಿ ಫ್ಲೋರೈಡ್ ಹಾಕುವಂತಿಲ್ಲ. ಮಕ್ಕಳಿಗೆ ಬಟಾಣಿ ಗಾತ್ರ, ಮೂರು ವರ್ಷದ ಒಳಗಿನವರಿಗೆ ಅಕ್ಕಿಕಾಳಿನಷ್ಟು. ನುಂಗದ ಹಾಗೆ ಪಕ್ಕದಲ್ಲಿ ನಿಂತು ಉಗಿಸಿ. ಫ್ಲೋರೈಡ್ ಇಲ್ಲದ ಪೇಸ್ಟ್ ಬೇಕೇ ಅನ್ನುವುದನ್ನು ಮಾತ್ರ ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಬ್ರಷ್ ಮೆತ್ತಗಿನದ್ದಿರಲಿ, ಮೂರು ತಿಂಗಳಿಗೆ ಬದಲಾಯಿಸಿ.

ಹಂತ 7: ಉಳಿದ ಚಿಲ್ಲರೆ

ಸ್ಯಾನಿಟರಿ ಪ್ಯಾಡ್: ಜನೌಷಧಿ ಕೇಂದ್ರಗಳಲ್ಲಿ 'ಸುವಿಧಾ' ಪ್ಯಾಡ್ ಒಂದಕ್ಕೆ 1 ರೂಪಾಯಿ. ಕೇಳುವುದಕ್ಕೆ ನಾಚಿಕೆ ಬೇಡ.

ಶೇವಿಂಗ್: ಹಳೇ ಕಾಲದ ಸೇಫ್ಟಿ ರೇಜರ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬ್ಲೇಡಿಗೆ ಕೆಲವೇ ರೂಪಾಯಿ. ನಾಲ್ಕೈದು ಅಲಗಿನ ಕಾರ್ಟ್ರಿಜ್‌ಗೆ ಕೊಡುವ ದುಡ್ಡಲ್ಲಿ ಬ್ಲೇಡಿನ ಪ್ಯಾಕೆಟ್ಟೇ ಬರುತ್ತದೆ. ಆಮೇಲೆ ಹಚ್ಚಲು ಕಿರಾಣಿ ಅಂಗಡಿಯ ಪಟಿಕದ ಚೂರು ಸಾಕು. ಕಂಕುಳಿನ ಬೆವರುವಾಸನೆಗೂ ಅದನ್ನೇ ಒದ್ದೆ ಮಾಡಿ ಸವರಬಹುದು.

ಬೆಳ್ಳಗೆ ಮಾಡುವ ಕ್ರೀಮ್: ಬೇಡ. ಗೆಳತಿ ಹೇಳಿದಳು ಅಂತ ಮೆಡಿಕಲ್ ಸ್ಟೋರಿನ ಸ್ಟೀರಾಯ್ಡ್ ಕ್ರೀಮ್ ಮುಖಕ್ಕೆ ಹಚ್ಚುವುದಂತೂ ಖಂಡಿತ ಬೇಡ. ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ.

ಹಂತ 8: ದುಡ್ಡು ಕೊಡುವ ಮೊದಲು

2025ರ ಸೆಪ್ಟೆಂಬರ್ 22ರಿಂದ ಬಿಲ್ಲೆ ಸೋಪು, ಶಾಂಪೂ, ತಲೆಎಣ್ಣೆ, ಟೂತ್‌ಪೇಸ್ಟ್, ಬ್ರಷ್, ಶೇವಿಂಗ್ ಕ್ರೀಮ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಪೊಟ್ಟಣದ ಮೇಲೆ ಅದಕ್ಕಿಂತ ಹಿಂದಿನ ತಾರೀಖಿದ್ದರೆ ಹಳೇ ಎಂಆರ್‌ಪಿಗೇ ಬಿಲ್ ಮಾಡಿಲ್ಲ ತಾನೇ ಅಂತ ನೋಡಿ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಸೋಪುಗಳಲ್ಲಿ ಹೆಸರಾಂತ ಕಂಪನಿಯ ಹೆಸರು ಒಂದಕ್ಷರ ಆಚೀಚೆ ಆಗಿರಬಹುದು. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ತಯಾರಾದ ತಿಂಗಳು ಇಲ್ಲದ್ದನ್ನು ಮುಟ್ಟಬೇಡಿ. ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.