ಯುರೋಪಲ್ಲಿ ಗಾಡಿ ಲೇಟಾದರೆ ಏನು ಮಾಡಬೇಕು? ದೋಸ್ತರ ಜತೆ ಬ್ಯಾಗ್ ಹೊತ್ತು ಹೊರಟವರಿಗೆ

ಯುರೋಪಲ್ಲಿ ರೈಲುಗಳು ಒಂದು ನಿಮಿಷ ಹೆಚ್ಚುಕಮ್ಮಿ ಆಗಲ್ಲ ಅಂತ ಯಾರೋ ಹೇಳಿದ್ದನ್ನು ನಾವು ನಂಬಿದ್ದೆವು. ಬೆಳಗಾವಿಯ ಮೂವರು, ವಿಜಯಪುರದವನೊಬ್ಬ. ಹದಿನಾಲ್ಕು ದಿನ, ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗೆ ಏಳು ಊರು. ಎಕ್ಸೆಲ್ ಶೀಟಲ್ಲಿ ಬಹಳ ಚೆಂದ ಕಾಣ್ತಿತ್ತು. ಮೂರನೇ ದಿನಕ್ಕೇ ಆ ಶೀಟ್ ಕೆಲಸಕ್ಕೆ ಬರದಾಯ್ತು, ಎರಡು ಊರು ಕೈಬಿಟ್ಟೆವು, ಆಮೇಲೆ ಟ್ರಿಪ್ ಸರಿಹೋಯ್ತು. ಅದಕ್ಕೇ ಹೇಳೋದು, ಎರಡು ವಾರಕ್ಕೆ ನಾಲ್ಕೈದು ಊರು ಸಾಕು. ಒಂದೊಂದರಲ್ಲಿ ಕನಿಷ್ಠ ಎರಡು ರಾತ್ರಿ ಇರಿ.

ವೀಸಾದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾ ಒಂದಿದ್ದರೆ ನಮ್ಮ ದಾರಿಯ ದೇಶಗಳೆಲ್ಲ ನಡೆಯುತ್ತವೆ, ಲಂಡನ್‌ಗೆ ಮಾತ್ರ ಬೇರೆ ಬೇಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಶುಲ್ಕ 90 ಯುರೋ. ಕನಿಷ್ಠ 30,000 ಯುರೋದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಅದನ್ನು ತಗೊಳ್ಳುವಾಗಲೇ, ಪ್ರಯಾಣ ತಡ ಆದರೆ, ಬ್ಯಾಗ್ ಕಳೆದರೆ ದುಡ್ಡು ಕೊಡುತ್ತಾರಾ ಅಂತ ಓದಿ ನೋಡಿ. ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕೊನೇ ತನಕ ಕಾಯಬೇಡಿ.

ತಡ ಅನ್ನೋದು ಯುರೋಪಿಗೆ ಹೋದ ಮೇಲೇ ಶುರುವಾಗಬೇಕು ಅಂತೇನಿಲ್ಲ. ಬೆಳಗಾವಿಯಿಂದ ಮುಂಬೈಗೆ ರಾತ್ರಿ ಬಸ್ಸಿಗೆ ಹೋಗುವವರು ವಿಮಾನದ ಹಿಂದಿನ ದಿನವೇ ಮುಂಬೈ ಮುಟ್ಟುವ ಹಾಗೆ ಹೊರಡಿ. ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟದಲ್ಲಿ ಲಾರಿಗಳು ನಿಂತರೆ ಯಾರೂ ಏನೂ ಮಾಡೋಕಾಗಲ್ಲ.

ಈಗ ಟಿಕೆಟ್. ಎಲ್ಲ ಕಷ್ಟದ ಮೂಲ ಇದೇ, ಸ್ವಲ್ಪ ನಿಧಾನಕ್ಕೆ ಓದಿ. ದಾರಿಯಲ್ಲಿ ರೈಲು ಬದಲಿಸಬೇಕಾದ ಪ್ರಯಾಣಕ್ಕೆ ಎರಡು ಬೇರೆ ಬೇರೆ ಟಿಕೆಟ್ ತಗೊಂಡರೆ ಹತ್ತಿಪ್ಪತ್ತು ಯುರೋ ಉಳಿಯಬಹುದು. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮ ಕಿಸೆಯಿಂದಲೇ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ಗಾಡಿಗೆ ಕಳಿಸುವುದು ಅವರ ಜವಾಬ್ದಾರಿ. ಒಂದು ತಾಸಿಗಿಂತ ಜಾಸ್ತಿ ತಡ ಆಗುತ್ತೆ ಅಂತ ಕಂಡರೆ ಪ್ರಯಾಣ ಬಿಟ್ಟು ದುಡ್ಡು ವಾಪಸ್ ಕೇಳಬಹುದು. ಹೋಗಿಯೇ ಮುಟ್ಟಿದರೆ, 60ರಿಂದ 119 ನಿಮಿಷ ತಡಕ್ಕೆ ಟಿಕೆಟ್ ದರದ ಕಾಲುಭಾಗ, ಎರಡು ತಾಸು ಅಥವಾ ಅದಕ್ಕಿಂತ ಜಾಸ್ತಿ ಆದರೆ ಅರ್ಧ. ಇದು ಯುರೋಪಿಯನ್ ಒಕ್ಕೂಟದ ಕಾನೂನು. ಭಾರೀ ಮಳೆ, ನೆರೆ ಅಂಥ ಕಾರಣಕ್ಕೆ ತಡವಾದರೆ ಪರಿಹಾರ ಸಿಗದೇ ಇರಬಹುದು. ಬೋರ್ಡಿನ ಫೋಟೋ ತೆಗೆದಿಡಿ, ಟಿಕೆಟ್ ಡಿಲೀಟ್ ಮಾಡಬೇಡಿ, ಊರಿಗೆ ಬಂದ ಮೇಲೆ ಹಾಕ್ತೀನಿ ಅಂತ ಫಾರ್ಮ್ ಮುಂದೂಡಬೇಡಿ. ನಮ್ಮವನೊಬ್ಬ ಮುಂದೂಡಿದ, ಇನ್ನೂ ಮುಂದೂಡ್ತಾನೇ ಇದ್ದಾನೆ.

ಜರ್ಮನಿಯಲ್ಲಿ ಒಂದೇ ಗಾಡಿಗೆ ಕಟ್ಟಿಹಾಕಿದ ಅಗ್ಗದ ಟಿಕೆಟ್ ಇದ್ದರೂ, ಊರು ಮುಟ್ಟುವುದು 20 ನಿಮಿಷಕ್ಕಿಂತ ತಡ ಅಂತ ಕಂಡರೆ ಆ ಕಟ್ಟು ಬಿಚ್ಚಿಹೋಗುತ್ತದೆ, ಬೇರೆ ಗಾಡಿ ಹತ್ತಬಹುದು. ಇದು ಗೊತ್ತಿಲ್ಲದೆ ನಾವು ಸುಮ್ನೆ ಕೂತಿದ್ದೆವು, ಪಕ್ಕದಲ್ಲಿದ್ದ ಅಜ್ಜಿ ಹೇಳಿದ ಮೇಲೆ ಎದ್ದು ಓಡಿದೆವು. ಹಲವು ದೇಶಗಳ ರೈಲಿಗೆ ಒಂದೇ ಪಾಸ್ ಆದ ಯುರೇಲ್ ಪಾಸ್ ಇದ್ದರೆ ಜರ್ಮನಿ, ಆಸ್ಟ್ರಿಯಾದಲ್ಲಿ ಹೆಚ್ಚಿನ ಗಾಡಿಗಳನ್ನು ರಿಸರ್ವೇಶನ್ ಇಲ್ಲದೇ ಹತ್ತಬಹುದು, ಹಾಗಾಗಿ ತಡದ ತಲೆನೋವು ಕಮ್ಮಿ. ಫ್ರಾನ್ಸ್, ಇಟಲಿಯ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ವಯಸ್ಸು 27 ದಾಟಿರದಿದ್ದರೆ ಪಾಸ್‌ನಲ್ಲಿ ರಿಯಾಯಿತಿ ಇದೆ.

ಇಟಲಿಗೆ ಹೋಗುವವರು 'ಶೋಪೆರೊ' ಅನ್ನೋ ಪದ ನೆನಪಿಡಿ, ಮುಷ್ಕರ ಅಂತ ಅರ್ಥ. ಮೊದಲೇ ಘೋಷಣೆ ಆಗಿರುತ್ತದೆ, ಹಿಂದಿನ ವಾರ ಒಮ್ಮೆ ಹುಡುಕಿ ನೋಡಿ. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಕೆಲವು ಲೋಕಲ್ ಗಾಡಿ ಓಡಿಸಲೇಬೇಕು.

ನಮಗೆ ಪೆಟ್ಟು ಬಿದ್ದದ್ದು ಜರ್ಮನಿಯ ಕೊಲೋನ್‌ನಲ್ಲಿ. ಕಂಪನಿ ಹೆಸರು ಬೇಡ. ಬೋರ್ಡಲ್ಲಿ ಮೊದಲು 20 ನಿಮಿಷ ತಡ ಅಂತ ಬಂತು, ಆಮೇಲೆ 45, ಆಮೇಲೆ 70, ಕೊನೆಗೆ ಪ್ಲಾಟ್‌ಫಾರ್ಮ್ ಕೂಡ ಬದಲು. ನಮ್ಮಲ್ಲೊಬ್ಬ ಟಾಯ್ಲೆಟ್ ಹುಡುಕಿಕೊಂಡು ಹೋದವನು ಚಿಲ್ಲರೆ ಇಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದ, ಫೋನ್ ನನ್ನ ಬ್ಯಾಗಲ್ಲಿ. ಇಪ್ಪತ್ತು ನಿಮಿಷ ಹುಡುಕಾಟ, ಹತ್ತು ನಿಮಿಷ ಜಗಳ. ಅವತ್ತು ರಾತ್ರಿ ಎರಡು ನಿಯಮ ಮಾಡಿಕೊಂಡೆವು, ನೀವು ಮನೆಯಿಂದಲೇ ಮಾಡಿಕೊಂಡು ಹೋಗಿ: ಸ್ಟೇಷನ್‌ಗೆ ಕಾಲಿಟ್ಟ ಕೂಡಲೇ ಸೇರುವ ಜಾಗ ಒಂದು ಗೊತ್ತು ಮಾಡಬೇಕು, ಮತ್ತು ತಡವಾದಾಗ ಕೌಂಟರಿಗೆ ಹೋಗಿ ಮಾತಾಡುವವನು ಒಬ್ಬನೇ. ನಾಲ್ಕು ಜನ ನಾಲ್ಕು ಆ್ಯಪ್ ನೋಡಿ ನಾಲ್ಕು ದಾರಿ ಹೇಳಿದರೆ ದೋಸ್ತಿ ಉಳಿಯಲ್ಲ. ಚಿಲ್ಲರೆ ಒಂದು ಯುರೋ ಎಲ್ಲರ ಕಿಸೆಯಲ್ಲೂ ಇರಲಿ.

ಜಗಳ ಆದ ಮೇಲೆ ಬ್ಯಾಗುಗಳನ್ನು ಲಾಕರ್‌ಗೆ ಹಾಕಿ ಹೊರಗೆ ಬಂದೆವು. ಬಾಗಿಲು ದಾಟಿದರೆ ಎದುರಿಗೇ 157 ಮೀಟರ್ ಎತ್ತರದ ಚರ್ಚು, ಕತ್ತು ನೋಯುವ ತನಕ ಮೇಲೆ ನೋಡಬೇಕು. "ಲೇ, ನಮ್ಮ ಗೋಳಗುಮ್ಮಟ ಸ್ಟೇಷನ್ ಬಾಜೂಕ ಐತಲ್ಲ, ಹಂಗ ಐತಿ ನೋಡಿದು," ಅಂದ ವಿಜಯಪುರದವನು. ಅದರ ಮೆಟ್ಟಿಲ ಮೇಲೆ ಕೂತು ಅವನ ಅವ್ವ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿದೆವು. ಕಡಕ್ ಸಜ್ಜಿ ರೊಟ್ಟಿ ಅಷ್ಟೊತ್ತಿಗೆ ಬ್ಯಾಗಲ್ಲಿ ಅಂಗೈಯಷ್ಟಗಲದ ಚೂರಾಗಿತ್ತು, ಶೇಂಗಾ ಚಟ್ನಿಪುಡಿ ಪೊಟ್ಟಣದಿಂದ ಸೋರಿ ಚಾರ್ಜರ್‌ಗೂ ಮೆತ್ತಿತ್ತು. ಒಂದೊಂದೇ ಚೂರನ್ನು ಪುಡಿಯಲ್ಲಿ ಒತ್ತಿ ತಿಂದೆವು. ಸ್ಟೇಷನ್‌ನ ಸ್ಯಾಂಡ್‌ವಿಚ್ ದುಡ್ಡಲ್ಲಿ ನಮ್ಮಲ್ಲಿ ಎರಡು ಊಟ ಆಗುತ್ತೆ, ಹಾಗಾಗಿ ರೊಟ್ಟಿ ಖಂಡಿತ ಒಯ್ಯಿರಿ. ಕುಂದಾ ಮಾತ್ರ ಬೇಡ. ಹಾಲು, ಮಾಂಸದ ಪದಾರ್ಥ ಹೊರಗಿನಿಂದ ಅಲ್ಲಿಗೆ ಒಯ್ಯುವಂತಿಲ್ಲ, ಕಸ್ಟಮ್ಸಲ್ಲಿ ಹಿಡಿದರೆ ತಿಪ್ಪೆಗೆ ಹೋಗುತ್ತೆ. ಇಲ್ಲೇ ತಿಂದು ಹೊರಡಿ.

ರಾತ್ರಿ ತಡವಾಗಿ ಮುಟ್ಟುವ ಹಾಗಿದ್ದರೆ ಹಾಸ್ಟೆಲ್‌ಗೆ ದಾರಿಯಿಂದಲೇ ಮೆಸೇಜ್ ಹಾಕಿ. ರಿಸೆಪ್ಶನ್ ಮುಚ್ಚುವ ಕಡೆ ಬಾಗಿಲಿನ ಕೋಡ್ ಕಳಿಸುತ್ತಾರೆ. ಯಾವ ಊರಿಗಾದರೂ ದಿನದ ಕೊನೇ ಗಾಡಿ ಹಿಡಿಯಬೇಡಿ, ಅದು ತಪ್ಪಿದರೆ ಬೆಂಚೇ ಹಾಸಿಗೆ. ಖರ್ಚಿಗೆ ಒಂದೇ ಆ್ಯಪಲ್ಲಿ ಲೆಕ್ಕ ಬರೆಯಿರಿ. ಎಟಿಎಂ ರೂಪಾಯಲ್ಲಿ ಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಆ ಊರಿನ ದುಡ್ಡಲ್ಲೇ ತೆಗೆಯಿರಿ. ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್ ನಡೆಯುತ್ತೆ.

ವಿಮಾನಕ್ಕೆ ನಿಯಮ ಬೇರೆ. ಮೂರು ತಾಸಿಗಿಂತ ಜಾಸ್ತಿ ತಡವಾಗಿ ಮುಟ್ಟಿದರೆ ದೂರ ನೋಡಿ 250, 400 ಅಥವಾ 600 ಯುರೋ, ತಪ್ಪು ಕಂಪನಿಯದಾಗಿದ್ದರೆ. ಯುರೋಪಿಂದ ವಾಪಸ್ ಬರುವಾಗ ಯಾವ ಕಂಪನಿಯಾದರೂ ಇದು ನಡೆಯುತ್ತೆ. ಇಲ್ಲಿಂದ ಹೋಗುವಾಗ ಮಾತ್ರ ಯುರೋಪಿನ ಕಂಪನಿ ಆಗಿರಬೇಕು. ಕಾಯುವಾಗ ಊಟದ ಕೂಪನ್ ಅವರೇ ಕೊಡಬೇಕು, ಆದರೆ ಕೇಳದೆ ಕೊಡಲ್ಲ.

ಕೊನೇ ರಾತ್ರಿ ವಿಮಾನ ಹತ್ತುವ ಊರಲ್ಲೇ ಮಲಗಿ. ನಾವು ಹಾಗೇ ಮಾಡಿದೆವು, ಮುಂಬೈಗೆ ಸಮಯಕ್ಕೆ ಸರಿಯಾಗಿ ಇಳಿದೆವು, ಆಮೇಲೆ ಬೆಳಗಾವಿ ಬಸ್ಸು ಖಂಬಾಟ್ಕಿಯಲ್ಲಿ ಎರಡು ತಾಸು ನಿಂತಿತು. ಅದಕ್ಕೆ ಯಾವ ಫಾರ್ಮೂ ಇಲ್ಲ.